‘ಅವನು ಅಲ್ಲಿರಲಿಲ್ಲ’ ಅಂದರೆ ಸಾಲದು

ಪೊಲೀಸರು ಮನೆಯ ಹುಡುಗನನ್ನು ಕರೆದುಕೊಂಡು ಹೋದಾಗ ಹೆತ್ತವರ ಬಾಯಲ್ಲಿ ಮೊದಲು ಬರುವ ಮಾತು, ‘ಅವನು ಆವತ್ತು ಅಲ್ಲಿ ಇರಲೇ ಇಲ್ಲ’. ಇದನ್ನೇ ವಕೀಲರು ಅಲಿಬಿ ಅಂತಾರೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದಲ್ಲಿ ವ್ಯಾಪಾರ ಇಟ್ಟುಕೊಂಡು ಊರಿಗೂ ಇಲ್ಲಿಗೂ ಓಡಾಡುವ ನಮ್ಮ ಮನೆಗಳವರು ಈ ಮಾತಿಗೆ ಕೋರ್ಟಿನಲ್ಲಿ ಎಷ್ಟು ಬೆಲೆ ಇದೆ ಎಂದು ತಿಳಿದಿರಬೇಕು. ಯಾಕೆಂದರೆ ಎದುರಿಗೆ ‘ನಾನು ಕಣ್ಣಾರೆ ಕಂಡೆ’ ಎನ್ನುವ ಸಾಕ್ಷಿ ನಿಂತಿರುತ್ತಾನೆ.

1872ರ ಸಾಕ್ಷ್ಯ ಕಾಯ್ದೆ ಹೋಗಿ 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿದೆ. ಸೆಕ್ಷನ್ ನಂಬರ್ ಬದಲಾಗಿದೆ, ನಿಯಮ ಹಳೆಯದೇ. ಅಪರಾಧ ಸಾಬೀತು ಮಾಡುವ ಹೊಣೆ ಸರ್ಕಾರದ್ದು. ಆದರೆ ಆ ಹೊತ್ತಿಗೆ ಬೇರೆ ಕಡೆ ಇದ್ದೆ ಎಂದು ತೋರಿಸುವ ಹೊಣೆ ಆರೋಪಿಯದ್ದು. ಅದೂ ಹೇಗೆ? ಘಟನೆ ನಡೆದ ಜಾಗಕ್ಕೆ ಬಂದು ಹೋಗಲು ಸಾಧ್ಯವೇ ಇರಲಿಲ್ಲ ಎನ್ನುವಷ್ಟು ಖಚಿತವಾಗಿ. ಮಧುಗಿರಿಯಲ್ಲಿ ಹೊಡೆದಾಟ ಆದಾಗ ‘ಕೊರಟಗೆರೆಯಲ್ಲಿ ಮದುವೆಯಲ್ಲಿದ್ದೆ’ ಎಂದರೆ ನ್ಯಾಯಾಧೀಶರು ಕೇಳುವುದು ಒಂದೇ: ಬೈಕಿನಲ್ಲಿ ಅರ್ಧ ಗಂಟೆಯ ದಾರಿ ಅಲ್ಲವೇ?

ಹಳ್ಳಿಯ ಜಗಳದಲ್ಲಿ ಸಾಕ್ಷಿಗೆ ಆರೋಪಿ ದಿನಾ ಕಾಣುವ ಮುಖ. ಅಲ್ಲಿ ಗುರುತು ತಪ್ಪುವುದು ಕಡಿಮೆ, ದ್ವೇಷದಿಂದ ಹೆಸರು ಸೇರಿಸುವುದು ಬೇರೆ ಮಾತು. ಕಷ್ಟ ಇರುವುದು ಅಪರಿಚಿತ ಮುಖದ ವಿಷಯದಲ್ಲಿ. ನಮ್ಮಲ್ಲಿ ಸಾಮಾನ್ಯವಾಗಿ ತಹಶೀಲ್ದಾರರ ಮುಂದೆ ಗುರುತು ಪತ್ತೆ ಪರೇಡ್ ನಡೆಯುತ್ತದೆ. ಅದಕ್ಕೆ ಮೊದಲೇ ಆರೋಪಿಯ ಫೋಟೋ ಟಿ.ವಿ.ಯಲ್ಲಿ, ವಾಟ್ಸ್ಆ್ಯಪ್‌ನಲ್ಲಿ ಬಂದಿದ್ದರೆ ಆ ಪರೇಡ್‌ಗೆ ಏನು ಅರ್ಥ?

2006ರ ಜುಲೈ 11ರ ಮುಂಬೈ ರೈಲು ಸ್ಫೋಟದ ಪ್ರಕರಣ ನೋಡಿ. 180ಕ್ಕೂ ಹೆಚ್ಚು ಜನ ಸತ್ತ ಘೋರ ಕೃತ್ಯ. 2015ರಲ್ಲಿ ವಿಶೇಷ ನ್ಯಾಯಾಲಯ 12 ಮಂದಿಗೆ ಶಿಕ್ಷೆ ಕೊಟ್ಟಿತು, ಐವರಿಗೆ ಮರಣದಂಡನೆ. 2025ರ ಜುಲೈ 21ರಂದು ಬಾಂಬೆ ಹೈಕೋರ್ಟ್ ಎಲ್ಲರನ್ನೂ ಖುಲಾಸೆ ಮಾಡಿತು. ಸಾಕ್ಷಿಗಳು ನೂರಕ್ಕೂ ಹೆಚ್ಚು ದಿನ ಸುಮ್ಮನಿದ್ದು ಆಮೇಲೆ ಮುಖ ನೆನಪಿದೆ ಎಂದದ್ದು, ಪರೇಡ್ ನಡೆಸಿದ ಅಧಿಕಾರಿಗೆ ಆ ಅಧಿಕಾರವೇ ಇಲ್ಲದ್ದು ಮುಖ್ಯ ಕಾರಣಗಳಲ್ಲಿ ಸೇರಿದ್ದವು. ಆ ತೀರ್ಪನ್ನು ಬೇರೆ ಪ್ರಕರಣಗಳಿಗೆ ಪೂರ್ವನಿದರ್ಶನ ಮಾಡಬಾರದು ಎಂದು ಸುಪ್ರೀಂ ಕೋರ್ಟ್ ಮೂರೇ ದಿನದಲ್ಲಿ ತಡೆ ಕೊಟ್ಟಿದೆ. ಆದರೂ ಹೋದ 19 ವರ್ಷ ಹೋಯಿತು. ಸತ್ತವರ ಮನೆಯವರಿಗೂ ನ್ಯಾಯ ಸಿಗಲಿಲ್ಲ, ಇದನ್ನೂ ಮರೆಯಬಾರದು.

ನಮ್ಮ ರಾಜ್ಯದಲ್ಲೇ 2008ರ ಬೆಂಗಳೂರು ಸ್ಫೋಟ ಪ್ರಕರಣ ಇದೆ. ಅಬ್ದುಲ್ ನಾಸರ್ ಮಅದನಿಯವರನ್ನು ಕೊಡಗಿನಲ್ಲಿ ಕಂಡೆವು ಎಂಬ ಸಾಕ್ಷಿ ಹೇಳಿಕೆಗಳು ಒಂದು ಕಡೆ. ಒಂದು ಕಾಲು ಕಳೆದುಕೊಂಡು, ಕೇರಳ ಪೊಲೀಸರ ಕಾವಲಿನಲ್ಲೇ ಇದ್ದವರು ಕೊಡಗಿಗೆ ಹೋದದ್ದು ಹೇಗೆ ಎಂಬ ಪ್ರಶ್ನೆ ಇನ್ನೊಂದು ಕಡೆ. ಆ ಸಾಕ್ಷಿಗಳನ್ನು ಮಾತಾಡಿಸಲು 2010ರಲ್ಲಿ ಕೊಡಗಿಗೆ ಹೋದ ಪತ್ರಕರ್ತೆ ಕೆ.ಕೆ. ಶಾಹಿನಾ ಅವರ ಮೇಲೆಯೇ ಸಾಕ್ಷಿಗಳನ್ನು ಬೆದರಿಸಿದರೆಂದು ಯುಎಪಿಎ ಕೇಸು ಬಿತ್ತು. ಯಾರು ಸರಿ ಎನ್ನುವುದು ಕೋರ್ಟಿಗೆ ಬಿಟ್ಟದ್ದು. ನಾವು ಕೇಳುವುದು ಇಷ್ಟೇ: ಕಾವಲು ಪೊಲೀಸರ ಡ್ಯೂಟಿ ದಾಖಲೆಯಂಥ ಕಾಗದವನ್ನು ತನಿಖಾಧಿಕಾರಿ ಮೊದಲ ವಾರದಲ್ಲೇ ತಂದು ನೋಡಬೇಕಾದ್ದಲ್ಲವೇ?

ಆರೋಪಿ ಕಡೆಯ ಸಾಕ್ಷಿಗಳನ್ನೂ ಸರ್ಕಾರದ ಕಡೆಯವರಂತೆ ಸಮನಾಗಿ ಕಾಣಬೇಕು, ಅವರ ಮೇಲಿನ ಹುಟ್ಟು ಅಪನಂಬಿಕೆ ಬಿಡಬೇಕು ಎಂದು ಸುಪ್ರೀಂ ಕೋರ್ಟ್ 1981ರಲ್ಲೇ ಹೇಳಿದೆ. ಆ ಪ್ರಕರಣದಲ್ಲಿ ಆರೋಪಿ ಫ್ಯಾಕ್ಟರಿಯ ಹಾಜರಿ ತೋರಿಸಿದ್ದ. ಆದರೆ ಕೊಲೆ ನಡೆದ ಜಾಗ ದೂರವಿರಲಿಲ್ಲವೆಂದು ಅಲಿಬಿ ನಿಲ್ಲಲಿಲ್ಲ. ಕಾಗದ ಇದ್ದರೂ ಹೀಗೆ. ಇನ್ನು ತಾಯಿ, ಮಾಮ, ಅಳಿಯನ ಬಾಯಿಮಾತು ಎಷ್ಟು ನಿಂತೀತು?

ಆದ್ದರಿಂದ ಮನೆಯವರು ಅತ್ತುಕೊಂಡು ಕೂರುವ ಹೊತ್ತಲ್ಲ ಅದು. ಹುಡುಗ ಜೈಲಿನಲ್ಲಿದ್ದರೆ ಓಡಬೇಕಾದವರು ನೀವೇ. ಅಂಗಡಿಯ ಸಿ.ಸಿ. ಕ್ಯಾಮೆರಾದ ದೃಶ್ಯ ಹೆಚ್ಚಾಗಿ ಹದಿನೈದು ದಿನಕ್ಕೋ ತಿಂಗಳಿಗೋ ಅಳಿಸಿ ಹೋಗುತ್ತದೆ. ಬಸ್ ಟಿಕೆಟಿನ ಅಕ್ಷರ ಮಾಸುತ್ತದೆ, ಫೋಟೋ ತೆಗೆದಿಡಿ. ಶಿರಾ ಹತ್ತಿರದ ಟೋಲ್‌ನಲ್ಲಿ ಫಾಸ್ಟ್ಯಾಗ್ ಹಣ ಕಡಿತ, ಫೋನ್‌ಪೇ ಸಂದೇಶ, ಆಸ್ಪತ್ರೆಯ ಚೀಟಿ, ಎಲ್ಲವನ್ನೂ ವಕೀಲರ ಕೈಗೆ ಕೊಡಿ. ಮೊಬೈಲ್ ಕರೆ ದಾಖಲೆ ಉಳಿಸುವಂತೆ ಕೋರ್ಟಿಗೆ ಅರ್ಜಿ ಹಾಕಲು ಬೇಗ ಹೇಳಿ. ಕೊನೆಯಲ್ಲಿ ಆರೋಪಿಯ ಹೇಳಿಕೆ ಪಡೆಯುವಾಗ ಮೊದಲ ಸಲ ‘ನಾನು ಅಲ್ಲಿರಲಿಲ್ಲ’ ಎಂದರೆ, ಆಮೇಲೆ ಕಟ್ಟಿದ ಕಥೆ ಅಂತ ಸರ್ಕಾರಿ ವಕೀಲರು ಹೇಳಿಯೇ ಹೇಳುತ್ತಾರೆ.

ಇನ್ನೊಂದು ಮಾತು, ಸ್ವಲ್ಪ ಖಾರವಾಗಿಯೇ. ಮದರಸದ ಹಾಜರಿ ಪುಸ್ತಕ, ಜಮಾಅತಿನ ರಿಜಿಸ್ಟರ್ ಕೂಡ ಸಾಕ್ಷ್ಯ ಆಗಬಹುದು. ಹಾಗಂತ ಹಿಂದಿನ ತಾರೀಕು ಹಾಕಿ ‘ಆ ದಿನ ಇಲ್ಲೇ ಇದ್ದ’ ಎಂದು ಪತ್ರ ಬರೆದುಕೊಡಿ ಅಂತ ಉಸ್ತಾದರ ಹತ್ತಿರ, ಕಮಿಟಿಯವರ ಹತ್ತಿರ ಬರಬೇಡಿ. ಪಾಟೀಸವಾಲಿನಲ್ಲಿ ಅದು ಸುಳ್ಳೆಂದು ಗೊತ್ತಾದರೆ ಬರೆದವರ ಮೇಲೂ ಕೇಸು. ಮುಂದೆ ನಿಜವಾಗಿ ಅಲ್ಲಿಲ್ಲದ ಹುಡುಗನ ಪರವಾಗಿ ಅದೇ ರಿಜಿಸ್ಟರ್ ಕೋರ್ಟಿಗೆ ಹೋದಾಗ ಅದನ್ನು ಯಾರೂ ನಂಬುವುದಿಲ್ಲ.