ಹರಿದ ಪಟ್ಟೆಗೆ ಮನೆಮದ್ದು

ಸೈಕಲ್ಲಿನ ಟ್ಯೂಬು ತೂತಾದರೆ ಏನು ಮಾಡಬೇಕೆಂಬುದು ಕನ್ನಡ ನಾಡಿನ ಹುಡುಗರಿಗೂ ಗೊತ್ತು. ತೂತಾದ ಜಾಗವನ್ನು ಅರದಿಂದ ಉಜ್ಜಿ, ಸಲ್ಯೂಷನ್ ಸವರಿ, ಅದು ತುಸು ಆರಿದ ಮೇಲೆ ರಬ್ಬರಿನ ತೇಪೆಯನ್ನು ಒತ್ತಿದರೆ ಆಯಿತು. ಸವಾರನು ಮತ್ತೆ ದಾರಿ ಹಿಡಿಯಬಹುದು. ಇದೇ ವಿದ್ಯೆಯನ್ನು ನಂಬಿಕೊಂಡು ದೂರದ ಕೆನಡಾ ದೇಶದ ಗೃಹಸ್ಥರನೇಕರು ಚಳಿಗಾಲದಲ್ಲಿ ತಮ್ಮ ಮನೆಯ ಶೆಡ್ಡಿನಲ್ಲಿ ಅಂಟಿನ ಡಬ್ಬಿಯನ್ನು ತೆರೆದು ಕೂರುವುದುಂಟು. ಅವರ ಮುಂದೆ ಬಿದ್ದಿರುವುದು ಹಿಮಗಾಡಿಯ ಹರಿದ ಪಟ್ಟೆ.

ಹಿಮಗಾಡಿಯೆಂದರೆ ಸ್ನೋಮೊಬೈಲ್. ಮುಂಭಾಗದಲ್ಲಿ ದಿಕ್ಕು ತಿರುಗಿಸುವ ಜಾರುಹಲಗೆಗಳು, ಹಿಂಭಾಗದಲ್ಲಿ ಗಾಡಿಯನ್ನು ಮುಂದಕ್ಕೆ ನೂಕುವ ಅಗಲವಾದ ರಬ್ಬರ್ ಪಟ್ಟೆ. ಇವೇ ಅದರ ಕಾಲುಗಳು. ಹಲವರಿಗೆ ಅದು ವಿನೋದದ ವಾಹನ. ಆದರೆ ಕೆನಡಾದ ಉತ್ತರದಂಚಿನ ನೂನಾವುಟ್ ಪ್ರದೇಶದಲ್ಲಿ ಊರಿನಿಂದ ಊರಿಗೆ ರಸ್ತೆಗಳೇ ಇಲ್ಲ. ಅಲ್ಲಿ ಬೇಟೆಗಾಗಲಿ, ನೆಂಟರ ಮನೆಗಾಗಲಿ ಚಳಿಗಾಲದಲ್ಲಿ ಈ ಗಾಡಿಯನ್ನೇ ನೆಚ್ಚಿರುತ್ತಾರೆ. ಹೊಸ ಪಟ್ಟೆ ವಿಮಾನದಲ್ಲಿ ಬರಬೇಕು, ಇಲ್ಲವೆ ಕಡಲಿನ ಮಂಜುಗಡ್ಡೆ ಕರಗಿದ ಮೇಲೆ ಬೇಸಗೆಯ ಹಡಗಿನಲ್ಲಿ ಬರಬೇಕು. ಬೆಲೆಯೂ ಕಡಮೆಯೇನಲ್ಲ. ಆದ್ದರಿಂದ ಇದ್ದುದನ್ನೇ ಅಂಟಿಸಿಕೊಳ್ಳೋಣವೆಂದು ಮನಸ್ಸಾಗುವುದು ಸಹಜ.

ಈ ಗಾಡಿಯ ಹುಟ್ಟಿನ ಹಿಂದೆ ಒಂದು ದುಃಖದ ಕಥೆಯಿದೆ. ಕ್ವಿಬೆಕ್ ಪ್ರಾಂತದ ವಾಲ್‌ಕೋರ್ ಎಂಬ ಊರಿನ ಜೋಸೆಫ್-ಆರ್ಮಾಂಡ್ ಬೊಂಬಾರ್ಡಿಯೆ ಎಂಬ ಯಂತ್ರಕುಶಲಿಗೆ ಹಿಮದ ಮೇಲೆ ಓಡುವ ವಾಹನವೊಂದನ್ನು ಕಟ್ಟಬೇಕೆಂಬ ಹಂಬಲ ಎಳೆಯ ವಯಸ್ಸಿನಿಂದಲೂ ಇತ್ತು. 1934ರ ಚಳಿಗಾಲದಲ್ಲಿ ಅವರ ಎರಡು ವರ್ಷದ ಮಗನಿಗೆ ಹೊಟ್ಟೆಯೊಳಗಿನ ಕಾಯಿಲೆ ಉಲ್ಬಣಿಸಿ ಶಸ್ತ್ರಚಿಕಿತ್ಸೆ ಬೇಕಾಯಿತು. ಆಸ್ಪತ್ರೆ ಇದ್ದದ್ದು ದೂರದ ಶೆರ್‌ಬ್ರೂಕ್ ಪಟ್ಟಣದಲ್ಲಿ. ರಸ್ತೆಯೆಲ್ಲ ಹಿಮದಲ್ಲಿ ಹೂತುಹೋಗಿತ್ತು. ತಂದೆ ಕಟ್ಟುತ್ತಿದ್ದ ವಾಹನ ಇನ್ನೂ ಸಿದ್ಧವಾಗಿರಲಿಲ್ಲ. ಮಗು ಉಳಿಯಲಿಲ್ಲ. ಹಲ್ಲುಚಕ್ರವೂ ಅದು ಎಳೆಯುವ ಪಟ್ಟೆಯೂ ಕೂಡಿದ ಅವರ ಚಾಲನಾಕ್ರಮಕ್ಕೆ ಪೇಟೆಂಟ್ ದೊರೆತದ್ದು 1937ರಲ್ಲಿ. ಇಂದಿನ ಗಾಡಿಗಳಿಗೆ ಮೂಲವೆನ್ನಬಹುದಾದ ಹಗುರವಾದ ಸ್ಕೀ-ಡೂ 1959ರಲ್ಲಿ ಮಾರಾಟಕ್ಕೆ ಬಂದಿತು. ಅದಕ್ಕೆ ಬೇಕಾದ, ಎಲ್ಲಿಯೂ ಬೆಸುಗೆಯಿಲ್ಲದ ಅಖಂಡ ರಬ್ಬರ್ ಪಟ್ಟೆಯನ್ನು ರೂಪಿಸಿದವರು ಅವರ ಇನ್ನೊಬ್ಬ ಮಗ ಜರ್ಮೇನ್.

ಹೊರಗಿನಿಂದ ನೋಡಿದವರಿಗೆ ಈ ಪಟ್ಟೆ ಬರಿಯ ರಬ್ಬರಿನಂತೆ ಕಾಣುತ್ತದೆ. ಆದರೆ ಅದರ ಬಲವಿರುವುದು ಒಳಗೆ. ಉದ್ದಕ್ಕೂ ಹುದುಗಿದ ಗಟ್ಟಿ ನೂಲಿನ ಹೆಣಿಗೆ ಎಳೆತವನ್ನು ತಾಳುತ್ತದೆ. ಅಡ್ಡಲಾಗಿ ಕೂರಿಸಿದ ಫೈಬರ್‌ಗ್ಲಾಸಿನ ಸರಳುಗಳು ಪಟ್ಟೆಯನ್ನು ಅಗಲಕ್ಕೆ ನೆಟ್ಟಗೆ ನಿಲ್ಲಿಸುತ್ತವೆ. ರಬ್ಬರು ಇವೆರಡನ್ನೂ ಮುಚ್ಚಿ ಕಾಯುವ ಚರ್ಮವಿದ್ದಂತೆ.

ಇನ್ನು ಅದರ ದುಡಿಮೆಯನ್ನು ಲೆಕ್ಕ ಹಾಕಿ ನೋಡಬಹುದು. ಸಾಮಾನ್ಯವಾದ ಪಟ್ಟೆಯೊಂದರ ಸುತ್ತಳತೆ 121 ಅಂಗುಲ, ಎಂದರೆ ಮೂರು ಮೀಟರಿಗೆ ತುಸು ಹೆಚ್ಚು. ಗಾಡಿ ಗಂಟೆಗೆ 60 ಕಿಲೋಮೀಟರಿನಂತೆ ಓಡಿದರೆ ಪಟ್ಟೆ ನಿಮಿಷಕ್ಕೆ ಸುಮಾರು 325 ಸುತ್ತು ತಿರುಗುತ್ತದೆ. ಪ್ರತಿ ಸುತ್ತಿನಲ್ಲಿಯೂ ಮುಂದಿನ ಚಕ್ರದ ಬಳಿ ಒಮ್ಮೆ, ಹಿಂದಿನ ಚಕ್ರದ ಬಳಿ ಒಮ್ಮೆ ಬಾಗುತ್ತದೆ. ಅಂದಮೇಲೆ ಒಂದು ಗಂಟೆಯ ಪ್ರಯಾಣದಲ್ಲಿ ತೇಪೆ ಹಾಕಿದ ಜಾಗ ಸುಮಾರು 39,000 ಸಲ ಬಾಗಿ ನೆಟ್ಟಗಾಗಬೇಕು! ಸೈಕಲ್ಲಿನ ತೇಪೆಗೆ ಈ ಪಾಡಿಲ್ಲ. ಟ್ಯೂಬಿನ ಗಾಳಿಯೇ ಅದನ್ನು ಟೈರಿನ ಒಳಮೈಗೆ ಒತ್ತಿ ಹಿಡಿದಿರುತ್ತದೆ. ಹಿಮಗಾಡಿಯ ತೇಪೆಯನ್ನಾದರೋ ಎಲ್ಲವೂ ಕೂಡಿ ಕಿತ್ತೆಸೆಯಲು ನೋಡುತ್ತವೆ.

ಹಾಗೆಂದು ಅಂಟು ನಿಷ್ಪ್ರಯೋಜಕವೆಂದಲ್ಲ. ಹೊರಮೈಯ ರಬ್ಬರು ಮಾತ್ರ ಸೀಳಿದ್ದರೆ, ಹಿಮವನ್ನು ಕಚ್ಚುವ ಉಬ್ಬೊಂದು ಅರ್ಧ ಕಿತ್ತುಬಂದಿದ್ದರೆ, ಅಂಚು ಕೊಂಚ ಹರಿದಿದ್ದರೆ, ಅಂಟಿನಿಂದ ಪ್ರಯೋಜನವುಂಟು. ಆದರೆ ತಾಳ್ಮೆ ಬೇಕು. ಮೊದಲು ಪಟ್ಟೆಯನ್ನು ಸಾಬೂನಿನಿಂದ ತೊಳೆದು, ಬೆಚ್ಚಗಿನ ಕೋಣೆಯಲ್ಲಿ ಸೀಳಿನ ಒಳಗಿನ ತೇವವೂ ಆರುವವರೆಗೆ ಬಿಡಬೇಕು. ಸೀಳಿನ ಚೂಪಾದ ತುದಿಯಲ್ಲಿಯೇ ಎಳೆತವೆಲ್ಲ ಸೇರುವುದರಿಂದ ಅಲ್ಲೊಂದು ಸಣ್ಣ ದುಂಡನೆಯ ರಂಧ್ರ ಕೊರೆದರೆ ಹರಿತ ಮುಂದುವರಿಯುವುದು ತಗ್ಗುತ್ತದೆ. ಬಳಿಕ ಉಪ್ಪುಕಾಗದದಿಂದ ಉಜ್ಜಿ ಹೊಳಪು ತೆಗೆದು, ಅಸಿಟೋನಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಬೇಕು. ಆಗ ಬೆಂಕಿ ಹತ್ತಿರವಿರಕೂಡದು, ಕಿಟಕಿ ತೆರೆದಿರಬೇಕು.

ಅಂಟಿನ ಆಯ್ಕೆಯಲ್ಲಿ ಅನೇಕರು ಎಡವುತ್ತಾರೆ. ಕ್ಷಣದಲ್ಲಿ ಹಿಡಿಯುವ ಅಂಟುಗಳು ಸಾಮಾನ್ಯವಾಗಿ ಗಾಜಿನಂತೆ ಗಟ್ಟಿಯಾಗಿ, ಬಾಗಿದೊಡನೆ ಬಿರುಕು ಬಿಡುತ್ತವೆ. ಬೇಕಾದದ್ದು ಆರಿದ ಮೇಲೂ ರಬ್ಬರಿನಂತೆ ಬಾಗುವ, ಎರಡು ಭಾಗಗಳನ್ನು ಬೆರೆಸಿ ಬಳಸುವ ಯುರೆಥೇನ್ ಜಾತಿಯ ಅಂಟು. ಅದನ್ನು ತುಂಬಿ, ಬಿಗಿಯಾಗಿ ಒತ್ತಿಟ್ಟು, ಡಬ್ಬಿಯ ಮೇಲೆ ಹೇಳಿರುವಷ್ಟು ಹೊತ್ತು ಬೆಚ್ಚಗೆ ಬಿಡಬೇಕು. ಚಳಿಯಲ್ಲಿ ಅವಸರ ಮಾಡಿದ ಅಂಟು ಮೇಲೆ ಒಣಗಿದಂತೆ ಕಂಡು ಒಳಗೆ ಹಸಿಯಾಗಿಯೇ ಉಳಿಯಬಹುದು. ಇದರೊಡನೆ ಪಟ್ಟೆ ಹರಿದದ್ದೇಕೆಂಬುದನ್ನೂ ಹುಡುಕಬೇಕು. ಬಿಗಿ ತಪ್ಪಿದ ಅಥವಾ ಒಂದು ಪಕ್ಕಕ್ಕೆ ಸರಿದ ಪಟ್ಟೆ ಅಂಟಿಸಿದ ಮರುದಿನವೇ ಮತ್ತೆ ಹರಿದೀತು.

ಇಲ್ಲಿಗೆ ಅಂಟಿನ ಅಧಿಕಾರ ಮುಗಿಯಿತು. ಸೀಳಿನಲ್ಲಿ ನೂಲಿನ ಎಳೆಗಳು ಕಡಿದು ಕಾಣುತ್ತಿದ್ದರೆ, ಸರಳು ಮುರಿದಿದ್ದರೆ, ಯಾವ ಡಬ್ಬಿಯ ಅಂಟೂ ಆ ಬಲವನ್ನು ಮರಳಿ ಕೊಡಲಾರದು. ಹಿಟ್ಟಿನ ಗಿರಣಿಯ ಬೆಲ್ಟು ಕಡಿದಾಗ ಗಿರಣಿಯವನು ಅಂಟನ್ನು ಹುಡುಕುವುದಿಲ್ಲ. ಎರಡು ತುದಿಗಳನ್ನೂ ಲೋಹದ ಕೊಕ್ಕೆಗಳಿಂದ ಬಿಗಿಯುತ್ತಾನೆ. ಹಿಮಗಾಡಿಗೂ ಹಾಗೆಯೇ ತಗಡಿಟ್ಟು ಬೋಲ್ಟು ಬಿಗಿದು ನಿಧಾನವಾಗಿ ಊರು ಮುಟ್ಟುವವರುಂಟು. ಅದು ಊರು ಮುಟ್ಟುವ ಉಪಾಯ ಮಾತ್ರ. ಮುಟ್ಟಿದ ಮೇಲೆ ಪಟ್ಟೆಯನ್ನು ಬದಲಿಸಲೇಬೇಕು. ವೇಗದಲ್ಲಿ ಕಿತ್ತ ತುಂಡು ಹಿಂದಿರುವವರಿಗೆ ಕಲ್ಲಿನಂತೆ ಬಡಿಯಬಲ್ಲುದು. ಆದ್ದರಿಂದ ಗಾಡಿಯನ್ನು ಎತ್ತಿ ನಿಲ್ಲಿಸಿ ಪಟ್ಟೆ ತಿರುಗಿಸಿ ನೋಡುವಾಗ ಅದರ ಹಿಂದೆ ಯಾರೂ ನಿಲ್ಲಬಾರದು, ಮಕ್ಕಳಂತೂ ಬೇಡವೇ ಬೇಡ.

ಮನೆಯಲ್ಲಿ ರಿಪೇರಿ ಮಾಡಿಕೊಳ್ಳುವುದು ಗೃಹಸ್ಥನಿಗೆ ಭೂಷಣವೇ. ಹಣವೂ ಉಳಿಯುತ್ತದೆ, ಕೈಗೂ ಹದ ಬರುತ್ತದೆ. ಆದರೆ ಮಾಡಿದ ರಿಪೇರಿಯ ಪರೀಕ್ಷೆ ನಡೆಯಬೇಕಾದದ್ದು ಮನೆಯಂಗಳದಲ್ಲಿ. ಮೂವತ್ತು ಮೈಲಿ ದೂರದ ನಿರ್ಜನ ಹಿಮದಲ್ಲಿ ಅಲ್ಲ. ಹೊತ್ತಿಗೆ ಸರಿಯಾಗಿ ಆಸ್ಪತ್ರೆ ಮುಟ್ಟಲಾಗದೆ ಹೋದ ಒಂದು ಮಗುವಿನ ನೆನಪು ಈ ಗಾಡಿಯ ಹುಟ್ಟಿನೊಂದಿಗೆ ಬೆಸೆದುಕೊಂಡಿದೆ. ಅದರ ಪಟ್ಟೆಗೆ ತೇಪೆ ಹಾಕುವವರು ಅದನ್ನೊಮ್ಮೆ ನೆನೆದು, ಈ ಗಾಡಿಯ ಮೇಲೆ ತಮ್ಮ ಮಗುವನ್ನು ಕೂರಿಸಿಕೊಂಡು ಹೊರಡಬಲ್ಲೆವೇ ಎಂದು ಕೇಳಿಕೊಳ್ಳಲಿ. ಉತ್ತರಿಸಲು ಮನಸ್ಸು ಹಿಂಜರಿದರೆ, ಹೊಸ ಪಟ್ಟೆ ಬರುವವರೆಗೆ ಗಾಡಿ ಶೆಡ್ಡಿನಲ್ಲಿಯೇ ಇರಲಿ.