ಹಿರಿಯರ ಹೆಸರಿನಲ್ಲಿ ಕೇಳುವ ವಿನಾಯಿತಿ

ಇಂಗ್ಲೆಂಡಿನಲ್ಲಿ ದೊಡ್ಡ ವಸತಿ ಸಂಕೀರ್ಣ ಕಟ್ಟುವವರು ಅದರಲ್ಲೊಂದು ಪಾಲನ್ನು ಕಡಿಮೆ ಆದಾಯದವರ ಕೈಗೆಟಕುವ ದರದಲ್ಲಿ ಕೊಡಬೇಕು. ಆಗದಿದ್ದರೆ ಸ್ಥಳೀಯ ಕೌನ್ಸಿಲ್‌ಗೆ ಹಣ ಕಟ್ಟಬೇಕು. 1990ರ ಯೋಜನಾ ಕಾಯ್ದೆಯ 106ನೇ ಸೆಕ್ಷನ್ ಪ್ರಕಾರ ಆಗುವ ಒಪ್ಪಂದ ಇದು. ನಿವೃತ್ತರಿಗೆ ಫ್ಲ್ಯಾಟು ಕಟ್ಟಿ ಮಾರುವ ಕಂಪನಿಗಳಿಗೆ ಇದು ಒಪ್ಪಿಗೆಯಿಲ್ಲ. ಲಂಡನ್ ಮೇಯರ್ 2017ರಲ್ಲಿ ಕೈಗೆಟಕುವ ಮನೆಗಳ ಪಾಲಿಗೆ ಶೇ 35ರ ಮಾರ್ಗಸೂಚಿ ತಂದಾಗ ಮೆಕಾರ್ಥಿ ಅಂಡ್ ಸ್ಟೋನ್ ಮೊದಲಾದ ಇಂಥ ಕಂಪನಿಗಳು ಹೈಕೋರ್ಟಿಗೆ ಹೋದವು. ಮಾರ್ಗಸೂಚಿ ರದ್ದಾಗಲಿಲ್ಲ, ವಾದಗಳೂ ನಿಲ್ಲಲಿಲ್ಲ.

‘ನಮ್ಮ ಖರ್ಚು ಹೆಚ್ಚು’ ಎನ್ನುತ್ತಾರೆ. ನಿಜ. ಎಲ್ಲರೂ ಸೇರುವ ಹಜಾರ, ಅಗಲವಾದ ಕಾರಿಡಾರು, ಅತಿಥಿ ಕೋಣೆ ಇವನ್ನು ಮಾರಲಾಗದು. ಕಟ್ಟಡ ಪೂರ್ತಿಯಾಗದೆ ವೃದ್ಧರು ಒಳಗೆ ಬರುವುದಿಲ್ಲ; ಅಲ್ಲಿಯವರೆಗೆ ಸಾಲದ ಬಡ್ಡಿ ಬೆಳೆಯುತ್ತಲೇ ಇರುತ್ತದೆ. ಆದರೆ ಈ ಲೆಕ್ಕವೆಲ್ಲ ಜಾಗ ಕೊಳ್ಳುವ ಮೊದಲೇ ಗೊತ್ತಿರುವಂಥದ್ದು. ಹಾಗಿದ್ದ ಮೇಲೆ ಭೂಮಾಲೀಕನಿಗೆ ಅಷ್ಟು ಕಡಿಮೆ ಬೆಲೆ ಹೇಳಬೇಕು. ಪೈಪೋಟಿಗೆ ಬಿದ್ದು ದುಬಾರಿಗೆ ಕೊಂಡು, ಆಮೇಲೆ ‘ಲಾಭ ಗಿಟ್ಟುತ್ತಿಲ್ಲ’ ಎಂದು ಕೌನ್ಸಿಲ್ ಮುಂದೆ ನಿಂತರೆ, ಭೂಮಾಲೀಕನ ಜೇಬಿಗೆ ಹೋದದ್ದು ಬಡವರ ಮನೆಯ ದುಡ್ಡೇ. ಜಾಗಕ್ಕೆ ತೆತ್ತ ಬೆಲೆಯನ್ನು ಯಾವ ಕಾರಣಕ್ಕೂ ನೆಪವಾಗಿ ಒಪ್ಪಬಾರದೆಂದು 2018ರಲ್ಲಿ ಪರಿಷ್ಕೃತವಾದ ಸರ್ಕಾರಿ ಮಾರ್ಗದರ್ಶಿಯೇ ಹೇಳುತ್ತದೆ.

‘ಒಂದೇ ಕಟ್ಟಡದಲ್ಲಿ ಪೂರ್ತಿ ಬೆಲೆ ಕೊಟ್ಟವರೂ ಕಡಿಮೆ ದರದವರೂ ಇದ್ದರೆ ನಿರ್ವಹಣಾ ಶುಲ್ಕದ ಗೊಂದಲ.’ ಇರಲಿ. ಬೇರೆಡೆ ಮನೆ ಕಟ್ಟಲು ಹಣ ಕೊಡುವ ದಾರಿ ಇರುವುದೇ ಅದಕ್ಕಾಗಿ.

‘ಹಿರಿಯರು ನಮ್ಮಲ್ಲಿಗೆ ಬಂದರೆ ಅವರ ದೊಡ್ಡ ಮನೆಗಳು ಕುಟುಂಬಗಳಿಗೆ ತೆರವಾಗುತ್ತವೆ’ ಎಂಬುದು ಇವರ ಅತ್ಯಂತ ಜನಪ್ರಿಯ ವಾದ. ತೆರವಾಗುತ್ತವೆ, ಮಾರುಕಟ್ಟೆಯ ದರಕ್ಕೆ. ಅದೇ ಸಂಕೀರ್ಣದಲ್ಲಿ ಅಜ್ಜಿಗೆ ಸ್ನಾನ ಮಾಡಿಸುವ ಹೆಣ್ಣುಮಗಳು ಆ ಮನೆ ಕೊಳ್ಳಬಲ್ಲಳೇ? ಇಡೀ ಜೀವಮಾನ ಬಾಡಿಗೆ ಮನೆಯಲ್ಲೇ ಕಳೆದ ಎಪ್ಪತ್ತೈದರ ಮುದುಕನ ಬಳಿ ಮಾರಲು ಮನೆಯೇ ಇಲ್ಲ. ಅವನೂ ಹಿರಿಯನೇ. ಹಿರಿಯರ ಹಿತದ ಮಾತಾಡುವವರ ಪಟ್ಟಿಯಲ್ಲಿ ಅವನ ಹೆಸರು ಕಾಣದಿರುವುದು ನನಗೆ ಸಂಕಟ ತರುತ್ತದೆ.

‘ಇದು ಆರೈಕೆ ಸಂಸ್ಥೆ, ಮನೆಯಲ್ಲ’ ಎಂಬ ವಾದವನ್ನು ಹೈಕೋರ್ಟು 2020ರಲ್ಲಿ ಟೇಮ್ ಪಟ್ಟಣದ ಯೋಜನೆಯೊಂದರ ಬಗ್ಗೆ ರೆಕ್ಟರಿ ಹೋಮ್ಸ್ ಕಂಪನಿ ಹೂಡಿದ ಪ್ರಕರಣದಲ್ಲಿ ತೂಗಿ ನೋಡಿತು. ಆರೈಕೆ ಜೊತೆಗಿದೆ ಎಂದ ಮಾತ್ರಕ್ಕೆ ಸ್ವತಂತ್ರವಾಗಿ ಬಾಳಬಹುದಾದ ಫ್ಲ್ಯಾಟು ಮನೆಯಲ್ಲದೆ ಹೋಗುವುದಿಲ್ಲ ಎಂದಿತು. ನಿಜವಾದ ನರ್ಸಿಂಗ್ ಹೋಮುಗಳ ಮಾತು ಬೇರೆ. ಅವುಗಳಿಂದ ಈ ಪಾಲನ್ನು ಯಾರೂ ಕೇಳುತ್ತಿಲ್ಲ.

ಕೊನೆಯದು ಬೆದರಿಕೆ: ‘ಒತ್ತಾಯಿಸಿದರೆ ಕಟ್ಟುವುದೇ ಇಲ್ಲ.’ ಲಂಡನ್ನಿನ ಶೇ 35 ಗುರಿ ಮುಟ್ಟಿಯೇ ತೀರಬೇಕಾದ ಕಟ್ಟಳೆಯಲ್ಲ. ಅಷ್ಟು ಕೊಡಲೊಪ್ಪಿದವರು ಲೆಕ್ಕ ತೋರಿಸದೆ ಬೇಗ ಮುಂದೆ ಹೋಗಬಹುದು. ಆಗದವರು ಲೆಕ್ಕಪತ್ರ ಬಿಚ್ಚಿಡಬೇಕು, ಮುಂದೆ ಲಾಭ ಏರಿದರೆ ಮರುಪರಿಶೀಲನೆಗೆ ಒಪ್ಪಬೇಕು. ನಿಜವಾಗಿ ಗಿಟ್ಟದವರಿಗೆ ಬಾಗಿಲು ಈಗಾಗಲೇ ತೆರೆದಿದೆ. ಲೆಕ್ಕವನ್ನೂ ತೋರಿಸದೆ ರಿಯಾಯಿತಿಯನ್ನೂ ಪಡೆಯುವ ಬಾಗಿಲನ್ನು ಕೌನ್ಸಿಲ್‌ಗಳು ತೆರೆಯಬಾರದು.