ಎಂಟನೇ ತರಗತಿಯಲ್ಲೇ ಕಾಲೇಜಿನ ಲೆಕ್ಕ

ಮಕ್ಕಳೇ, ಶ್ರೀನಿವಾಸಪುರದಲ್ಲಿ ಮಾವಿನ ದುಡ್ಡು ಬರುವುದು ವರ್ಷಕ್ಕೊಮ್ಮೆ. ಡೇರಿಯ ಹಾಲಿನ ದುಡ್ಡು ಹಾಗಲ್ಲ, ತಿಂಗಳು ತಿಂಗಳೂ ಕೈಸೇರುತ್ತದೆ. ಮಾವು ಕೈಕೊಟ್ಟ ವರ್ಷವೇ ಕಾಲೇಜು ಫೀಸು ಬಂದರೆ ಅಜ್ಜಿಯ ಓಲೆ ಗಿರವಿ ಅಂಗಡಿ ಸೇರುತ್ತದೆ. ಆದ್ದರಿಂದ ಓದಿಗೆ ಹಾಲಿನ ದುಡ್ಡಲ್ಲೇ ಸ್ವಲ್ಪ ಎತ್ತಿಡಿ.

ಅಂಚೆ ಕಚೇರಿಯ ಆರ್‌.ಡಿ. 5 ವರ್ಷದ್ದು. ಎಂಟನೇ ತರಗತಿಗೆ ಸೇರುವಾಗ ತೆರೆದರೆ, ಪಿಯುಸಿ ಮುಗಿಸಿ ಡಿಗ್ರಿಗೆ ಸೇರುವ ಹೊತ್ತಿಗೆ ಸರಿಯಾಗಿ ಕೈಗೆ ಬರುತ್ತದೆ. ತಿಂಗಳಿಗೆ 500 ರೂಪಾಯಿಯಂತೆ 60 ಕಂತಿಗೆ 30,000 ಅಸಲು, ಬಡ್ಡಿ ಬೇರೆ. 10 ವರ್ಷ ತುಂಬಿದವರು ತಮ್ಮ ಹೆಸರಲ್ಲೇ ತೆರೆಯಬಹುದು. 3 ವರ್ಷದ ಮೇಲೆ ಮಧ್ಯದಲ್ಲಿ ಮುರಿಸಿದರೆ ಉಳಿತಾಯ ಖಾತೆಯ ಬಡ್ಡಿಯಷ್ಟೇ ಗತಿ.

ತಾತ ಅಜ್ಜಿಯರೇ, ಹಬ್ಬಕ್ಕೆ ಕೊಡುವ ನೋಟನ್ನು ಒಂದು ಕಂತಾಗಿ ಕಟ್ಟಿ, ಪಾಸ್‌ಬುಕ್ಕನ್ನು ಮೊಮ್ಮಗುವಿನ ಕೈಗೇ ಕೊಡಿ.